ಬಣ್ಣ ಬಿಡಿ, ಹಾರಾಟ ನೋಡಿ

ಬೀಳುಬಿದ್ದ ಹೊಲದಲ್ಲಿ ಕಣ್ಣೆದುರೇ ಇಳಿದ ಪುಟ್ಟ ಹಕ್ಕಿ ಹೆಂಟೆಗಳ ನಡುವೆ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲವೇ? ಅದು ಲಾರ್ಕ್, ಅಂದರೆ ನೆಲಗುಬ್ಬಿ ಇರಬಹುದು. ಮಣ್ಣಿನ ಬಣ್ಣದ ಮೈ, ಮೇಲೆ ಕಂದು ಗೀರುಗಳು. ಪುಸ್ತಕದ ಚಿತ್ರ ಹಿಡಿದು ಗೀರು ಎಣಿಸುತ್ತ ಕೂತರೆ ತಲೆ ಚಿಟ್ಟುಹಿಡಿಯುತ್ತದೆ. ಕೂತಾಗ ಎಲ್ಲವೂ ಒಂದೇ ಥರ ಕಾಣುವ ಈ ಹಕ್ಕಿಗಳು ಗಾಳಿಗೇರಿದ ಕೂಡಲೇ ತಮ್ಮ ಗುಟ್ಟು ಬಿಟ್ಟುಕೊಡುತ್ತವೆ.

ಬೂದುತಲೆಯ ನೆಲಗುಬ್ಬಿಯಿಂದ ಶುರುಮಾಡಿ. ಬಯಲುಸೀಮೆಯಲ್ಲಿ ಧಾರಾಳವಾಗಿ ಸಿಗುವ ಹಕ್ಕಿ ಇದು. ಗಂಡಿಗೆ ಬೂದು ನೆತ್ತಿ, ಕಣ್ಣಿನ ಮೇಲೆ ಹಾದುಹೋದ ಕಪ್ಪು ಪಟ್ಟಿ, ಕಪ್ಪು ಹೊಟ್ಟೆ. ಹೆಣ್ಣನ್ನು ಮಾತ್ರ ಮನೆಗುಬ್ಬಿಯ ಹೆಣ್ಣೆಂದೇ ಎಣಿಸಿಬಿಡುತ್ತೇವೆ. ಗಂಡು ಪಟಪಟನೆ ರೆಕ್ಕೆ ಬಡಿಯುತ್ತ ಮೇಲೇರುತ್ತದೆ, ರೆಕ್ಕೆ ಮಡಚಿ ತಲೆಕೆಳಗಾಗಿ ಧುಮುಕುತ್ತದೆ. ಬೀಳುತ್ತಿರುವಾಗಲೇ ಉದ್ದನೆಯ ಒಂದು ಸಿಳ್ಳೆ. ಇನ್ನೇನು ನೆಲಕ್ಕೆ ಬಡಿಯಿತು ಅನ್ನುವಷ್ಟರಲ್ಲಿ ಅದೇ ಬೀಳುವ ವೇಗದಲ್ಲಿ ಮತ್ತೆ ಮೇಲೆದ್ದು, ಮತ್ತೆ ಧುಮುಕುತ್ತದೆ. ಬೈನಾಕ್ಯುಲರ್ ಇಳಿಸಿ ಬರಿಗಣ್ಣಿನಲ್ಲಿ ನೋಡಬೇಕಾದ ಆಟ ಇದು. ಗಾಜಿನೊಳಗೆ ಅದರ ಪೂರ್ತಿ ಅಂದ ಹಿಡಿಸುವುದಿಲ್ಲ.

ಗೂಟದ ಮೇಲೋ ತಂತಿಯ ಮೇಲೋ ಕೂತು ಹಾಡುವ, ಗಿಡ್ಡ ಬಾಲದ ದಪ್ಪ ಹಕ್ಕಿ ಜೆರ್ಡಾನ್ ನೆಲಗುಬ್ಬಿ. ತುಸು ಮೇಲೆ ಹಾರಿ, ರೆಕ್ಕೆ ಎತ್ತಿಹಿಡಿದು ಕಾಲು ಇಳಿಬಿಟ್ಟು ತೇಲುತ್ತ ಕೆಳಗಿಳಿಯುತ್ತದೆ. ಆಗ ರೆಕ್ಕೆಯ ಕೆಂಗಂದು ಕಾಣುತ್ತದೆ. ಇದರ ಹತ್ತಿರದ ನೆಂಟ ಇಂಡಿಯನ್ ಬುಶ್‌ಲಾರ್ಕ್‌ಗೂ ಅದೇ ಬಣ್ಣ. ಹೊಸಬರು ಇವೆರಡರ ಜಗಳ ಬಿಡಿಸಲು ಹೋಗಬೇಡಿ. ಕೆಂಗಂದು ಬಾಲಕ್ಕೆ ತುದಿಯಲ್ಲಿ ಕಪ್ಪು ಪಟ್ಟಿ ಇದ್ದರೆ ಕಲ್ಲುನೆಲದ ರೂಫಸ್‌ಟೇಲ್ಡ್ ಲಾರ್ಕ್. ಚೂಪು ಜುಟ್ಟಿದ್ದರೆ ಎರಡು ಹೆಸರು ನೆನಪಿರಲಿ: ಪಶ್ಚಿಮಘಟ್ಟದ ಕಡೆ ಮಲಬಾರ್ ಲಾರ್ಕ್, ದಖನ್ನಿನ ಒಣಬಯಲಲ್ಲಿ ಸೈಕ್ಸ್ ಲಾರ್ಕ್. ಎರಡನೆಯದನ್ನು 1832ರಲ್ಲಿ ವಿವರಿಸಿದವರು ಕರ್ನಲ್ ಸೈಕ್ಸ್. ಕೆರೆಯಂಚಿನ ಹುಲ್ಲಿನಿಂದೆದ್ದು ಚುಕ್ಕಿಯಾಗುವಷ್ಟು ಮೇಲೇರಿ, ಅಲ್ಲೇ ನಿಂತು ಬಿಡುವಿಲ್ಲದೆ ಹಾಡುವುದು ಸ್ಕೈಲಾರ್ಕ್. ಹಾಡಿಗಾಗಿ ಒಂದೇ ಹಕ್ಕಿ ಆರಿಸಿ ಅಂದರೆ ನನ್ನ ಮತ ಇದಕ್ಕೆ.

ಎಲ್ಲರೂ ಎಡವುವುದು ಪಿಪಿಟ್ ಹಕ್ಕಿಯ ಹತ್ತಿರ. ಪಿಪಿಟ್ ತೆಳ್ಳಗೆ, ನೆಟ್ಟಗೆ ನಿಂತು ಬಾಲ ಕುಣಿಸುತ್ತದೆ, ಕೊಕ್ಕು ಸಣ್ಣ. ನೆಲಗುಬ್ಬಿಗಳು ಸಾಮಾನ್ಯವಾಗಿ ಗುಂಡಗೆ, ಕೊಕ್ಕು ದಪ್ಪ. ಬಾಲ ಕುಣಿಸುವ ಚಾಳಿ ಇಲ್ಲ. ಹಿಂಬೆರಳಿನ ಉಗುರು ಮಾತ್ರ ಎರಡಕ್ಕೂ ಉದ್ದವೇ, ಅದನ್ನು ನಂಬಿ ಕೂರಬೇಡಿ.

ಬೆಂಗಳೂರಿನವರಿಗೆ ಹೆಸರಘಟ್ಟದ ಹುಲ್ಲುಗಾವಲು, ತುಮಕೂರಿನ ಕಡೆಯವರಿಗೆ ಮೈದನಹಳ್ಳಿಯ ಕೃಷ್ಣಮೃಗದ ಬಯಲು ಹತ್ತಿರ. ಮುಂಗಾರಿನ ಆಸುಪಾಸಿನಲ್ಲಿ, ಬಿಸಿಲೇರುವ ಮುಂಚೆ ಹೋಗಿ. ಇವು ಗೂಡು ಕಟ್ಟುವುದು ನೆಲದ ಮೇಲೆ, ಹುಲ್ಲಿನ ಬುಡದಲ್ಲೋ ಹೆಂಟೆಯ ಮರೆಯಲ್ಲೋ. ಆದ್ದರಿಂದ ಗಾಡಿಜಾಡು ಬಿಟ್ಟು ಹುಲ್ಲೊಳಗೆ ಕಾಲಿಡಬೇಡಿ. ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡ ಹಕ್ಕಿ ಇಳಿಯದೆ ಸುತ್ತುತ್ತಿದ್ದರೆ ಮರಿಗಳು ಹತ್ತಿರದಲ್ಲೇ ಇವೆ ಎಂದರ್ಥ. ಫೋಟೊ ಆಸೆ ಬಿಟ್ಟು ಬಂದ ದಾರಿಯಲ್ಲೇ ಹಿಂದಕ್ಕೆ ಬನ್ನಿ.