ಊರು ಮೊದಲು, ಅಕ್ಷರ ಆಮೇಲೆ

ಮುಂಡರಗಿಯ ಗೆಳೆಯರೊಬ್ಬರು ಕಳೆದ ವಾರ ಮನೆಗೆ ಬಂದು, ಕಿಸೆಯಿಂದ ಪೊಟ್ಟಣ ತೆಗೆದು ನನ್ನ ಅಂಗೈ ಮೇಲೆ ಒಂದು ತಾಮ್ರದ ನಾಣ್ಯ ಇಟ್ಟರು. ಅಜ್ಜನ ಸಂದೂಕದಲ್ಲಿತ್ತಂತೆ. “ಹುಣಸಿಹಣ್ಣು ಹಚ್ಚಿ ಚಲೋತ್ನಾಗೆ ತಿಕ್ಕೀನ್ರಿ, ಹೆಂಗ ಹೊಳೀತದ ನೋಡ್ರಿ” ಅಂದರು. ಒಂದು ಬದಿಗೆ ಆನೆ ನಿಚ್ಚಳವಾಗಿತ್ತು. ಇನ್ನೊಂದು ಬದಿಯ ಪಾರಸಿ ಅಕ್ಷರಗಳು ಮಾತ್ರ ಸವೆದುಹೋಗಿದ್ದವು. ಅವರ ಮುಂದೆ ಏನೂ ಅನ್ನಲಿಲ್ಲ, ಹೊಟ್ಟೆಯಲ್ಲಿ ಸಂಕಟವಾಯಿತು.

ಬಿಸಿಲಿಗೆ ಓರೆಯಾಗಿ ಹಿಡಿದು ಮಸೂರದಲ್ಲಿ ನೋಡಿದೆ. ‘ಜರ್ಬ್’ ಎಂಬುದು ಸಿಕ್ಕಿತು. ಅಂದರೆ ‘ಇಲ್ಲಿ ಟಂಕಿಸಿದ್ದು’. ಮುಂದಿನದನ್ನು ಕೂಡಿಸಿಕೊಳ್ಳಲು ಅರ್ಧ ತಾಸು ಹಿಡಿಯಿತು: ಖುರ್ಷೇದ್ ಸವಾದ್, ಸೂರ್ಯನ ಊರು. ಟಿಪ್ಪು ಸುಲ್ತಾನ ನಮ್ಮ ಧಾರವಾಡಕ್ಕೆ ಇಟ್ಟ ಹೆಸರು ಅದು. ನಾಣ್ಯದಲ್ಲಿ ‘ಧಾರವಾಡ’ ಎಂದು ಹುಡುಕಿದರೆ ಸಿಗುವುದಿಲ್ಲ. ಇಸವಿಯನ್ನೂ ಅವನ ಮೌಲೂದಿ ಶಕೆಯಲ್ಲಿ, ಬಲದಿಂದ ಎಡಕ್ಕೆ ಓದಬೇಕು. 1791ರಲ್ಲಿ ಧಾರವಾಡದ ಕೋಟೆ ಮರಾಠರ ಕೈಸೇರಿತು. ಹಾಗಾಗಿ ಈ ಹೆಸರಿನ ನಾಣ್ಯಗಳ ಆಯುಷ್ಯ ಕೆಲವೇ ವರ್ಷ.

ಟಿಪ್ಪುವಿನ ಕೊನೆಯ ವರ್ಷಗಳ ತಾಮ್ರದ ನಾಣ್ಯಗಳಲ್ಲಿ ಆನೆಯ ಜತೆಗೆ ಅಲಿಫ್, ಬೇ, ತೇ ಎಂಬ ಒಂಟಿ ಅಕ್ಷರಗಳಿರುತ್ತವೆ. ಎಷ್ಟೋ ಸಂಗ್ರಾಹಕರು ಅದನ್ನು ಟಂಕಸಾಲೆಯ ಗುರುತು ಅಂದುಕೊಂಡು ಬರೆದಿಡುತ್ತಾರೆ. ಅದು ವರ್ಷದ ಗುರುತು. ಅಲಿಫ್ ಎಂದರೆ ಮೌಲೂದಿ 1224, ಬೇ ಎಂದರೆ 1225.

ಈ ತಪ್ಪು ರೋಮನ್ ನಾಣ್ಯಗಳಲ್ಲಿ ಇನ್ನೂ ಸುಲಭ. ಗ್ರೀಕ್ ಲಿಪಿಯ ‘ಎಪ್ಸಿಲಾನ್’ ಅಕ್ಷರವನ್ನೇ ತೆಗೆದುಕೊಳ್ಳಿ. ಗ್ರೀಕರ ಲೆಕ್ಕದಲ್ಲಿ ಅದು ಐದು. ರೋಮನ್ ಪ್ರಾಂತ್ಯವಾಗಿದ್ದ ಮೋಸಿಯಾದ ಮಾರ್ಸಿಯಾನೊಪೊಲಿಸ್ ಊರಿನ ತಾಮ್ರದ ನಾಣ್ಯದಲ್ಲಿ ಅದು ಬೆಲೆ: ಐದು ಅಸ್ಸಾರಿಯಾ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ, ‘ವರ್ಷ’ ಎಂದು ಸೂಚಿಸುವ ಚಿಹ್ನೆಯ ಪಕ್ಕ ಬಂದರೆ, ಚಕ್ರವರ್ತಿ ಪಟ್ಟಕ್ಕೆ ಬಂದ ಐದನೆಯ ವರ್ಷ. ಕಾನ್‌ಸ್ಟಾಂಟಿನೋಪಲ್‌ನ ಚಿನ್ನದ ಸಾಲಿಡಸ್‌ನಲ್ಲಿ ಬರಹದ ತುದಿಗೆ ಬಂದರೆ, ಟಂಕಸಾಲೆಯ ಐದನೆಯ ಕಾರ್ಯಶಾಲೆ. ಅಕ್ಷರ ಒಂದೇ, ಊರು ಬದಲಾದಂತೆ ಅರ್ಥ ಬೇರೆ. ಅದಕ್ಕೇ ನನ್ನ ಹಟ: ಊರು ಗೊತ್ತಾಗುವ ತನಕ ಅಕ್ಷರಕ್ಕೆ ಅರ್ಥ ಹಚ್ಚಬೇಡಿ.

ಸಾಲಿಡಸ್ ನಮಗೆ ದೂರದ್ದೇನಲ್ಲ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ರೋಮನ್ ಮತ್ತು ಬೈಜಾಂಟಿಯನ್ ಚಿನ್ನದ ನಾಣ್ಯಗಳು 46 ಸಿಕ್ಕಿವೆ. 1997ರವರೆಗೆ ಗದಗ, ಹಾವೇರಿ, ಧಾರವಾಡ ಒಂದೇ ಜಿಲ್ಲೆಯಾಗಿದ್ದವು. ಇಂಥ ಸಾಲಿಡಸ್‌ಗಳ ಹಿಂಬದಿಯ ತಳದಲ್ಲಿ ‘ಕೊನೊಬ್’ ಎಂದು ಓದುವ ಐದು ಲ್ಯಾಟಿನ್ ಅಕ್ಷರಗಳಿರುತ್ತವೆ. ಮೊದಲ ಮೂರು ಕಾನ್‌ಸ್ಟಾಂಟಿನೋಪಲ್, ಉಳಿದೆರಡು ಪುಟಕ್ಕಿಟ್ಟ ಚಿನ್ನ. ಅವೆರಡನ್ನೇ ಗ್ರೀಕ್ ಅಂಕಿಯಾಗಿ ಓದಿದರೆ 72. ಒಂದು ರೋಮನ್ ಪೌಂಡ್ ಚಿನ್ನಕ್ಕೆ 72 ಸಾಲಿಡಸ್ ಹೊಡೆಯುತ್ತಿದ್ದರು. ಎರಡೇ ಅಕ್ಷರದಲ್ಲಿ ಶುದ್ಧಿಯೂ ಬಂತು, ತೂಕವೂ ಬಂತು. ನಾಣ್ಯಲೋಕದಲ್ಲಿ ಇದಕ್ಕಿಂತ ಅಡಕವಾದ ಮಾತನ್ನು ನಾನು ಓದಿಲ್ಲ.

ಊರ ಹೆಸರೇ ಚಿನ್ನಕ್ಕೆ ಜಾಮೀನು ನಿಲ್ಲುವ ಈ ರೀತಿ ನಮ್ಮಲ್ಲಿಯೂ ಇತ್ತು. ಗದಗಿನಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿ ಅಂದಿನ ಲೊಕ್ಕಿಗುಂಡಿ, ಹೆಸರಾಂತ ಕಮ್ಮಟ. ದಾನಕೊಟ್ಟ ಹೊನ್ನನ್ನು ಶಾಸನಗಳು ‘ಲೊಕ್ಕಿ ಗದ್ಯಾಣ’ ಎಂದು ಊರ ಹೆಸರು ಹಿಡಿದೇ ಹೇಳುತ್ತವೆ. ಕಲ್ಯಾಣ ಚಾಲುಕ್ಯರ ಚಿನ್ನದ ನಾಣ್ಯಗಳಲ್ಲಿ ಸಿಂಹ, ‘ಶ್ರೀ’ ಅಕ್ಷರ, ಈಟಿಯ ಮೊನೆ, ಒಂದೊಂದನ್ನೂ ಬೇರೆ ಬೇರೆ ಮುದ್ರೆಯಿಂದ ಹೊಡೆದಿರುತ್ತಾರೆ. ಕೆಲವೊಮ್ಮೆ ಒಂದರ ಅಂಚು ಇನ್ನೊಂದರ ಮೇಲೆ ಏರಿರುತ್ತದೆ. ಯಾವುದು ಮೊದಲು ಬಿದ್ದ ಏಟು, ಯಾವುದು ಆಮೇಲಿನದು ಎಂದು ಬೆರಳಿಟ್ಟು ಹೇಳಬಹುದು. ತಿಕ್ಕಿದ ನಾಣ್ಯದಲ್ಲಿ ಮೊದಲು ಹೋಗುವುದು ಆ ಅಂಚೇ.

ಓದುಗರೇ, ಅಜ್ಜ ಬಿಟ್ಟುಹೋದ ನಾಣ್ಯವನ್ನು ಹುಣಸೆಹಣ್ಣಿಗೂ ಬೂದಿಗೂ ಕೊಡಬೇಡಿ. ಹೊಲದಲ್ಲೋ ಮನೆಯ ಪಾಯದಲ್ಲೋ ಸಿಕ್ಕಿದ್ದರೆ ಮಣ್ಣು ಅಂಟಿರುವ ಹಾಗೆಯೇ ಸರಕಾರಕ್ಕೆ ತಿಳಿಸಿ. ಅದಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ಯಾವ ಊರು, ಯಾವ ಹೊಲ, ಎಷ್ಟು ಆಳ ಎಂದು ಒಂದು ಚೀಟಿಯಲ್ಲಿ ಬರೆದು ಜತೆಗಿಡಿ.