ತಾಮ್ರದ ಹಸ್ತಾಂತರ

ಉಸಿರಾಟದ ಕೊನೆಯ ಹಂತವನ್ನು ನಡೆಯಿಸುವ ಸೈಟೋಕ್ರೋಮ್ ಆಕ್ಸಿಡೇಸಿಗಾಗಲಿ, ಜೀವಕೋಶದಲ್ಲಿ ಹುಟ್ಟುವ ವಿಷಮಯವಾದ ಸೂಪರಾಕ್ಸೈಡನ್ನು ಅಡಗಿಸುವ ಡಿಸ್ಮ್ಯೂಟೇಸಿಗಾಗಲಿ ತಾಮ್ರವಿಲ್ಲದೆ ಕೆಲಸ ಸಾಗದು. ಆದರೆ ಅದೇ ತಾಮ್ರವು ಯಾವ ಬಂಧನಕ್ಕೂ ಒಳಪಡದೆ ಒಂಟಿಯಾಗಿ ಅಲೆಯತೊಡಗಿತೆಂದರೆ, ಉಗ್ರವಾದ ಹೈಡ್ರಾಕ್ಸಿಲ್ ಕಣಗಳನ್ನು ಹುಟ್ಟಿಸಿ ಕೋಶದ ಪೊರೆಯನ್ನೂ ಡಿಎನ್‌ಎಯನ್ನೂ ಕೆಡಿಸಬಲ್ಲುದು. ವಯಸ್ಕ ಮನುಷ್ಯನ ಇಡೀ ದೇಹದಲ್ಲಿ ಸುಮಾರು 100 ಮಿಲಿಗ್ರಾಮಿನಷ್ಟು ಮಾತ್ರ ಇರುವ ಈ ಲೋಹವು ತನ್ನ ಕಿಣ್ವವನ್ನು ಸೇರುವುದು ಹೇಗೆ? ಕೋಶದ್ರವದಲ್ಲಿ ಸದಾ ಸ್ವಲ್ಪ ತಾಮ್ರ ಬಿಡಿಯಾಗಿರುತ್ತದೆ, ಕಿಣ್ವಗಳು ತಮಗೆ ಬೇಕಾದುದನ್ನು ಅದರಿಂದ ಹೆಕ್ಕಿಕೊಳ್ಳುತ್ತವೆ ಎಂಬ ಊಹೆ ಬಹುಕಾಲ ಸಾಕೆನಿಸಿತ್ತು.

ಥಾಮಸ್ ಓಹ್ಯಾಲೊರನ್, ವ್ಯಾಲೆರಿ ಕುಲೊಟ್ಟ ಮತ್ತು ಅವರ ಸಂಗಡಿಗರು 1999ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಈ ಊಹೆಯನ್ನು ಬುಡಸಹಿತ ಕಿತ್ತಿತು. ಅವರ ತರ್ಕಸರಣಿ ಇಂದಿಗೂ ಓದುಗನಲ್ಲಿ ಗೌರವವನ್ನು ಹುಟ್ಟಿಸತಕ್ಕದ್ದು. ಪ್ರನಾಳದಲ್ಲಿಟ್ಟಾಗ ಯೀಸ್ಟಿನ ಡಿಸ್ಮ್ಯೂಟೇಸು ತಾಮ್ರವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ, ಬಿಡಿ ತಾಮ್ರದ ಸಾಂದ್ರತೆ 10⁻¹⁵ ಮೋಲಾರಿನ ಆಸುಪಾಸಿಗೆ ಇಳಿದರೂ ಅದು ಬಿಟ್ಟುಕೊಡುವುದಿಲ್ಲ. ಹಾಗಿದ್ದೂ ಸಿಸಿಎಸ್ ಎಂಬ ವಾಹಕ ಪ್ರೋಟೀನನ್ನು ಕಳೆದುಕೊಂಡ ಯೀಸ್ಟಿನಲ್ಲಿ, ಕೋಶದ ತುಂಬ ತಾಮ್ರದ ಪರಮಾಣುಗಳು ಲಕ್ಷಗಟ್ಟಲೆ ಇರುವಾಗಲೂ, ಅದೇ ಕಿಣ್ವ ಬರಿದಾಗಿಯೇ ಉಳಿಯಿತು. ಇದರಿಂದ ಅವರು ಕೋಶದೊಳಗಿನ ಬಿಡಿ ತಾಮ್ರದ ಪ್ರಮಾಣ 10⁻¹⁸ ಮೋಲಾರಿಗಿಂತಲೂ ಕಡಿಮೆಯೆಂದು, ಅರ್ಥಾತ್ ಒಂದು ಕೋಶಕ್ಕೆ ಒಂದು ಪರಮಾಣುವೂ ಬಾರದೆಂದು ನಿರ್ಣಯಿಸಿದರು.

ಹಾಗಾದರೆ ತಾಮ್ರ ಚಲಿಸುವ ಬಗೆಯೇನು? ಇದೇ ಪ್ರಯೋಗಶಾಲೆಗಳಿಂದ 1997ರಲ್ಲಿ ಹೊರಬಂದಿದ್ದ ಎಟಿಎಕ್ಸ್1 ಎಂಬ ವಾಹಕದ ಅಧ್ಯಯನವನ್ನು ಜೊತೆಗಿಟ್ಟುಕೊಂಡು ಓದಿದಾಗ ಚಿತ್ರ ಸ್ಪಷ್ಟವಾಗುತ್ತದೆ. ವಾಹಕದ ಎರಡು ಸಿಸ್ಟೀನುಗಳ ಗಂಧಕಗಳು ಏಕವೇಲೆನ್ಸಿಯ ತಾಮ್ರವನ್ನು ನಡುವೆ ಹಿಡಿದಿರುತ್ತವೆ. ಅಂಥದೇ ಜೋಡಿಯಿರುವ ಗ್ರಾಹಕ ಪ್ರೋಟೀನು ಸನಿಹಕ್ಕೆ ಬಂದಾಗ ಅದರ ಒಂದು ಗಂಧಕವೂ ತಾಮ್ರಕ್ಕೆ ಕೈಚಾಚಿ, ಕ್ಷಣಕಾಲ ಮೂರು ಗಂಧಕಗಳ ಹಿಡಿತದಲ್ಲಿ ಲೋಹ ನಿಂತು, ಬಳಿಕ ಹಳೆಯ ಹಿಡಿತವೊಂದು ಸಡಿಲುತ್ತದೆ. ತಾಮ್ರ ಒಂದು ಕ್ಷಣವೂ ಅನಾಥವಾಗಿರದ ಈ ಹಸ್ತಾಂತರದ ಕಲ್ಪನೆಯೇ ಈ ಸಂಶೋಧನಾ ಪರಂಪರೆಯ ಶ್ರೇಷ್ಠ ಸಾಧನೆಯೆಂದು ನನ್ನ ಅಭಿಪ್ರಾಯ. ಕಿನ್ನಿಯರ್ ವಿಲ್ಸನ್ 1912ರಲ್ಲಿ ವರ್ಣಿಸಿದ ರೋಗವು ಯಕೃತ್ತಿನಲ್ಲಿ ಇಂಥ ವಾಹಕದಿಂದ ತಾಮ್ರವನ್ನು ಪಡೆದು ಪಿತ್ತದ ಕಡೆಗೆ ಸಾಗಿಸುವ ಪಂಪಿನ ದೋಷವೆಂಬುದು 1993ರಲ್ಲಿ ವಂಶವಾಹಿ ಪತ್ತೆಯಾದ ಮೇಲೆ ತಿಳಿಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮೂರು ದಶಕಗಳಲ್ಲಿ ಕಂಡ 282 ಮಂದಿ ವಿಲ್ಸನ್ ರೋಗಿಗಳ ವಿವರವನ್ನು ಪ್ರಕಟಿಸಿದೆಯೆಂಬುದನ್ನು ನೆನೆದರೆ, ಯೀಸ್ಟಿನ ಈ ವಿಚಾರ ನಮಗೆ ದೂರದ್ದೆನಿಸದು.

ಆದರೂ 1999ರ ಆ ಪ್ರಬಂಧವನ್ನು ಕೊನೆಯ ಮಾತೆಂದು ಒಪ್ಪಲಾಗದು. ಸಮತೋಲಕ್ಕೆ ಬಂದು ನಿಂತ ಪ್ರನಾಳದ ಅಳತೆಯನ್ನು, ಎಂದೂ ಸಮತೋಲಕ್ಕೆ ಬಾರದ ಜೀವಂತ ಕೋಶಕ್ಕೆ ಅನ್ವಯಿಸಿದುದು ಅದರ ಮೊದಲನೆಯ ಕೊರತೆ. ಎರಡನೆಯದು ಇನ್ನೂ ಗಂಭೀರವಾದುದು: ಸಿಸಿಎಸ್ ತಾಮ್ರವನ್ನು ಒಪ್ಪಿಸುವುದಲ್ಲದೆ ಕಿಣ್ವದ ಎರಡು ಗಂಧಕಗಳ ನಡುವೆ ಬಂಧವನ್ನೂ ಕಟ್ಟುತ್ತದೆಂದು ಮುಂದೆ ತಿಳಿದುಬಂದುದರಿಂದ, ಕಿಣ್ವ ಬರಿದಾಗಿ ಉಳಿದುದಕ್ಕೆ ತಾಮ್ರದ ಅಭಾವವೊಂದೇ ಕಾರಣವೆನ್ನುವ ವಾದ ದುರ್ಬಲವಾಗುತ್ತದೆ. ಇದಲ್ಲದೆ, ಸಿಸಿಎಸ್ ಇಲ್ಲದ ಇಲಿಗಳಲ್ಲಿ ಡಿಸ್ಮ್ಯೂಟೇಸಿನ ಚಟುವಟಿಕೆ ಪೂರ್ತಿ ನಿಂತಿರಲಿಲ್ಲ. ಸೀನೋರ್‌ಹ್ಯಾಬ್ಡೈಟಿಸ್ ಎಲಿಗನ್ಸ್ ಎಂಬ ಹುಳುವಿನಲ್ಲಂತೂ ಆ ವಾಹಕವೇ ಇಲ್ಲ. ಗ್ಲುಟಥಯೋನಿನ ನೆರವಿನಿಂದ ಮಾನವ ಕಿಣ್ವ ವಾಹಕವಿಲ್ಲದೆಯೂ ತಕ್ಕಮಟ್ಟಿಗೆ ತಾಮ್ರವನ್ನು ಪಡೆಯಬಲ್ಲುದೆಂದೂ, ಯೀಸ್ಟಿನ ಕಿಣ್ವಕ್ಕೆ ಅದು ಸಾಧ್ಯವಾಗದಂತೆ ತಡೆಯುವುದು ಅದರ 142 ಮತ್ತು 144ನೆಯ ಸ್ಥಾನಗಳಲ್ಲಿರುವ ಪ್ರೋಲೀನುಗಳೆಂದೂ 2004ರಲ್ಲಿ ತೋರಿಸಿಕೊಟ್ಟವರು ಬೇರಾರೂ ಅಲ್ಲ, ಸ್ವತಃ ಕುಲೊಟ್ಟ ಮತ್ತು ಅವರ ಸಹೋದ್ಯೋಗಿಗಳು.