ವಂಶಾವಳಿಯಲ್ಲಿ ಸಿಗದ ಮುತ್ತಜ್ಜಿ

ಹುಬ್ಬಳ್ಳಿ-ಧಾರವಾಡ ಸೀಮೆಯ ಹಳೆಯ ಮನೆತನಗಳು ಕಾಪಿಟ್ಟುಕೊಂಡು ಬಂದಿರುವ ವಂಶಾವಳಿಗಳು ಬಹುಮಟ್ಟಿಗೆ ಆಸ್ತಿಯ ಕಾಗದಗಳು. ಮೂಲಪುರುಷನಿಂದ ಹೊರಟು ಮಗ, ಮೊಮ್ಮಗ, ಮರಿಮಗ ಎಂದು ಇಳಿಯುವ ಈ ಪಟ್ಟಿಗಳನ್ನು ಬರೆಸಿದ್ದು ಗೌಡಕಿ, ಕುಲಕರ್ಣಿಕೆ, ದೇಸಗತಿ, ಇನಾಮು ಭೂಮಿಗಳ ಹಕ್ಕನ್ನು ಸರಕಾರದ ಮುಂದೆ ರುಜುವಾತು ಮಾಡಲು. 1818ರಲ್ಲಿ ಪೇಶವೆಯರ ಆಳಿಕೆ ಮುಗಿದು ಧಾರವಾಡ ಕಂಪನಿಯ ಕೈಸೇರಿತು. 1852ರ ಕಾಯ್ದೆಯ ಬಲದಿಂದ ಇನಾಮ್ ಕಮಿಷನ್ ಸನದುಗಳ ತಪಾಸಣೆಗೆ ಇಳಿದಾಗ, ಭೂಮಿ ಯಾರಿಂದ ಯಾರಿಗೆ ಬಂತೆಂದು ತೋರಿಸಲಾರದ ಮನೆತನಗಳ ಹಕ್ಕು ಅಲುಗಾಡಿತು. ಇಂಥ ಒತ್ತಡದಲ್ಲಿ ತಯಾರಾದ ಕಾಗದದಲ್ಲಿ ಹೆಂಡತಿ, ಮಗಳು, ಸೊಸೆಯರ ಹೆಸರು ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಮುತ್ತಜ್ಜಿಯನ್ನು ಹುಡುಕುವವರು ಇಂದು ಮೊದಲು ಬಿಚ್ಚುವುದು ಇದೇ ಕಾಗದವನ್ನು. ಇದನ್ನು ಕುಟುಂಬದ ಚರಿತ್ರೆಯೆಂದು ಓದುವುದು ಈ ಹುಡುಕಾಟದ ಮೂಲ ದೋಷ.

ಆ ಮೌನದ ಹಿಂದೆ ಬರೆದವರ ಅಲಕ್ಷ್ಯವೊಂದೇ ಇರಲಿಲ್ಲ, ಕಾನೂನೂ ಇತ್ತು. ಮುಂಬಯಿ ಇಲಾಖೆಯ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ 1874ರಲ್ಲಿ ಬಂತು. 1886ರ ತಿದ್ದುಪಡಿ ಇಂಥ ಹುದ್ದೆ ಹೊಂದಿದ ವತನದಾರ ಮನೆತನದ ಹೆಣ್ಣುಮಕ್ಕಳನ್ನೂ ಹೆಣ್ಣಿನ ಮೂಲಕ ಹಕ್ಕು ಕೇಳುವವರನ್ನೂ ಅರ್ಹ ಗಂಡಸರೆಲ್ಲರ ಹಿಂದೆ ನಿಲ್ಲಿಸಿತು. ವಿನಾಯಿತಿ ಸಿಕ್ಕಿದ್ದು ಒಬ್ಬಳಿಗೆ ಮಾತ್ರ: ವತನದ ಕೊನೆಯ ಒಡೆಯನ ವಿಧವೆಗೆ.

ಈ ವಿನಾಯಿತಿಯನ್ನು ಗಮನಿಸದವರು ದಫ್ತರಗಳಲ್ಲಿ ವ್ಯರ್ಥವಾಗಿ ಅಲೆಯುತ್ತಾರೆ. ಹೆಣ್ಣು ಕಾಗದದ ಮೇಲೆ ಮೂಡುವುದು ಸಾಮಾನ್ಯವಾಗಿ ಗಂಡ ಸತ್ತಮೇಲೆ. 1903ರ ಕಾಯ್ದೆಯಿಂದ ಶುರುವಾದ ಹಕ್ಕುದಾಖಲೆಯಲ್ಲಿ, ಇಲ್ಲಿಯ ರೈತರು ಇಂದಿಗೂ ಉತಾರ ಎನ್ನುವ ಕಾಗದದಲ್ಲಿ, ವಾರಸಾ ನಮೂದಿನ ಕೆಳಗೆ ಅವಳ ಹೆಸರು ಬರುತ್ತದೆ. ಪಕ್ಕದಲ್ಲಿ ‘ಕೋಂ’ ಎಂದು ಗಂಡನ ಹೆಸರು. ಮಕ್ಕಳು ಚಿಕ್ಕವರಿದ್ದರೆ ಪಾಲನಕರ್ತಳಾಗಿ ಬರುತ್ತಾಳೆ. ಮೈದುನರು ಜೀವನಾಂಶ ಕೊಡದೆ ಹೋದರೆ ಪೋಟಗಿಯ ದಾವೆಯಲ್ಲಿ ವಾದಿಯಾಗಿ ಬರುತ್ತಾಳೆ. ಮಕ್ಕಳಿಲ್ಲದಿದ್ದರೆ ದತ್ತಕ ಪತ್ರದಲ್ಲಿ ಬರುತ್ತಾಳೆ, ಮತ್ತು ಈ ಪತ್ರದ ಬೆಲೆ ಎಲ್ಲಕ್ಕಿಂತ ಹೆಚ್ಚು. ಮುಂಬಯಿ ಸಂಪ್ರದಾಯದ ಹಿಂದೂ ಕಾನೂನಿನಲ್ಲಿ, ಗಂಡ ನಿಷೇಧಿಸಿರದಿದ್ದರೆ, ಅವನ ಅಪ್ಪಣೆಯಿಲ್ಲದೆಯೂ ವಿಧವೆ ದತ್ತಕ ತೆಗೆದುಕೊಳ್ಳಬಹುದಿತ್ತು. ಕೂಡುಕುಟುಂಬದ ದಾಯಾದಿಗಳ ಒಪ್ಪಿಗೆಯೂ ಬೇಕಿಲ್ಲ ಎಂಬುದನ್ನು ಭೀಮಾಬಾಯಿ ವಿರುದ್ಧ ಗುರುನಾಥಗೌಡ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಸ್ಪಷ್ಟಪಡಿಸಿತು. ದತ್ತಕದಿಂದ ಭೂಮಿಯ ದಾರಿಯೇ ಬದಲಾಗುತ್ತಿದ್ದುದರಿಂದ ಕೋರ್ಟಿಗೆ ಎಳೆದಾಟ ನಡೆಯುತ್ತಿತ್ತು. ಆ ಜಬಾನಿಗಳಲ್ಲಿ ಅವಳ ವಯಸ್ಸು, ತವರೂರು, ಅಣ್ಣತಮ್ಮಂದಿರ ಹೆಸರು ಒಮ್ಮೊಮ್ಮೆ ಸಿಕ್ಕಿಬಿಡುತ್ತವೆ.

ಗಂಡನಿಗಿಂತ ಮೊದಲು ಮುತ್ತೈದೆಯಾಗಿ ಕಣ್ಣುಮುಚ್ಚಿದವಳ ಕಥೆ ಬೇರೆ. ಊರು ಪುಣ್ಯವಂತೆ ಎಂದು ಹೊಗಳಿದ ಅವಳೇ ದಾಖಲೆಯಲ್ಲಿ ಪೂರ್ತಿ ಅಳಿಸಿಹೋದವಳು. 1876-78ರ ಬರಗಾಲ, 1898ರಲ್ಲಿ ಹುಬ್ಬಳ್ಳಿಯನ್ನು ಹಣಿದ ಪ್ಲೇಗು, 1918ರ ಇನ್‌ಫ್ಲುಯೆಂಜಾ ನಡುವೆ ಹೀಗೆ ಹೋದ ಚೊಚ್ಚಲ ಬಾಣಂತಿಯರು, ಮೊದಲ ಹೆಂಡಿರು ಎಷ್ಟೋ ಮಂದಿ. ಮನೆಯವರ ನೆನಪಿನಲ್ಲಿ ಉಳಿಯುವವಳು ಎರಡನೆಯ ಹೆಂಡತಿ. ಮೊದಲನೆಯವಳ ಮಕ್ಕಳೂ ಕೆಲವೊಮ್ಮೆ ಅವಳ ಲೆಕ್ಕಕ್ಕೆ ಸೇರಿಬಿಡುತ್ತಾರೆ. ತಾರೀಖುಗಳನ್ನು ತಾಳೆ ನೋಡದೆ ಕಟ್ಟಿದ ವಂಶವೃಕ್ಷ ಎಡವುವುದು ಹೆಚ್ಚಾಗಿ ಇಲ್ಲಿಯೇ.

ಹೆಸರಿನ ತೊಡಕೂ ಸಣ್ಣದಲ್ಲ. ಧಾರವಾಡದ ಬ್ರಾಹ್ಮಣ ಮನೆಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಸೊಸೆಗೆ ಹೊಸ ಹೆಸರು ಬರೆಯುವ ವಾಡಿಕೆ ಇತ್ತು. ತವರಿನ ಹೆಸರು ಅಂದಿಗೆ ನಿಂತಿತು. ಆದ್ದರಿಂದ ಕನ್ನಡ ಹೆಣ್ಣುಮಕ್ಕಳ ಶಾಲೆಯ ಜನರಲ್ ರಜಿಸ್ಟರಿನಲ್ಲಿರುವ ಹುಡುಗಿಯನ್ನೂ ಉತಾರದಲ್ಲಿರುವ ವಿಧವೆಯನ್ನೂ ಒಬ್ಬಳೇ ಎಂದು ಗುರುತಿಸುವುದು ಸುಲಭವಲ್ಲ. ಮಹಾರಾಷ್ಟ್ರದ ಕೆಲವು ಮನೆತನಗಳು ಅಚ್ಚು ಹಾಕಿಸಿದ ಕುಲವೃತ್ತಾಂತಗಳು ಹೆಂಡತಿಯ ತವರಿನ ಹೆಸರು, ಅವಳ ತಂದೆಯ ಹೆಸರನ್ನೂ ಸೇರಿಸುವ ಕ್ರಮ ಇಟ್ಟುಕೊಂಡವು. ಈ ಒಳ್ಳೆಯ ಕ್ರಮ ಧಾರವಾಡದ ವಂಶಾವಳಿಗಾರರಿಗೆ ಕೈಯಳತೆಯಲ್ಲೇ ಇತ್ತು. ಅವರು ಅದನ್ನು ಹಿಡಿಯದೆ ಹೋದದ್ದು ದೊಡ್ಡ ನಷ್ಟ.

ಬ್ರಾಹ್ಮಣ ಮನೆಗಳಲ್ಲಿ ಆಸ್ತಿಗೆ ಸಂಬಂಧವಿಲ್ಲದ ಒಂದು ಪಟ್ಟಿ ಮಾತ್ರ ಹೆಂಗಸರನ್ನು ಹೆಸರು ಹಿಡಿದು ಕರೆಯುತ್ತದೆ. ಅದು ಪಕ್ಷಮಾಸದ ಶ್ರಾದ್ಧದ ಪಟ್ಟಿ. ತಾಯಿ, ತಂದೆಯ ತಾಯಿ, ಅವಳ ಅತ್ತೆ, ತಾಯಿಯ ಕಡೆಯ ಅಜ್ಜಿಯರು, ಮಲತಾಯಿ, ಅತ್ತೆ, ಅಕ್ಕತಂಗಿ ಎಲ್ಲರಿಗೂ ಅಲ್ಲಿ ಪಿಂಡವುಂಟು, ಆದ್ದರಿಂದ ಹೆಸರೂ ಉಂಟು. ಪುರೋಹಿತರಿಗಾಗಿ ಬರೆದಿಟ್ಟ ಸಣ್ಣ ನೋಟುಬುಕ್ಕು ಅನೇಕ ಮನೆಗಳಲ್ಲಿ ದೇವರ ಮಾಡದಲ್ಲಿದೆ. ನಾಸಿಕದ ತೀರ್ಥಪುರೋಹಿತರ ಚೋಪಡಿಗಳಲ್ಲೂ ಯಾತ್ರಿಕರ ಕುಟುಂಬದ ಹೆಸರುಗಳಿವೆ. ವಂಶಾವಳಿಗಿಂತ ಈ ನೋಟುಬುಕ್ಕಿಗೆ ಹೆಚ್ಚು ನಂಬಿಕೆ ಸಲ್ಲಬೇಕು. ಇದರಲ್ಲಿ ಒಂದು ಹೆಸರು ಬಿಡುವುದರಿಂದ ಯಾರಿಗೂ ಲಾಭವಿರಲಿಲ್ಲ. ಕೊರತೆಯೆಂದರೆ ಇಲ್ಲಿಯೂ ಗಂಡನ ಗೋತ್ರವೇ, ಅತ್ತೆಮನೆಯ ಹೆಸರೇ. ಮೂರು ತಲೆಮಾರಿನ ಆಚೆಗೆ ಪಟ್ಟಿ ಹೋಗುವುದೂ ಇಲ್ಲ.

ಲಿಂಗಾಯತ, ಕುರುಬ, ರೆಡ್ಡಿ ಒಕ್ಕಲು ಮನೆಗಳಿಗೆ ಶ್ರಾದ್ಧದ ಪಟ್ಟಿಯ ಬದಲು ಹೆಳವರಿದ್ದಾರೆ. ಎತ್ತಿನ ಮೇಲೆ ಗಂಟೆ ಬಾರಿಸುತ್ತ ಸುಗ್ಗಿಯ ನಂತರ ಬಂದು ಮನೆತನದ ಮೂಲ, ವಲಸೆ, ಕವಲುಗಳನ್ನು ಹಾಡಿನಂತೆ ಹೇಳಿ ಕಾಳುಕಡಿ ಪಡೆಯುವವರು ಇವರು. ನೆನಪಿನ ಬಲದಲ್ಲಿ ಇವರಿಗೆ ಸಮನಾದ ದಫ್ತರವಿಲ್ಲ. ಆದರೆ ಕಾಳು ಕೊಡುವ ಯಜಮಾನನ ವಂಶವೇ ಅವರ ಹಾಡಿನ ಬೆನ್ನೆಲುಬು. ಹೆಣ್ಣನ್ನು ಕೊಟ್ಟ ಊರು, ತಂದ ಊರು ಬೇಕಾದರೆ ಹೇಳುವವನನ್ನು ನಿಲ್ಲಿಸಿ ಕೇಳಬೇಕು. ಕೇಳದೆ ಧ್ವನಿಮುದ್ರಣ ಮಾಡಿಕೊಂಡು ಹೋಗುವ ಸಂಗ್ರಾಹಕ ಅರ್ಧವನ್ನೇ ಒಯ್ಯುತ್ತಾನೆ.

ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಅದರ ಸಭೆಗೆ ಸೇರಿದ ಕ್ರೈಸ್ತ ಕುಟುಂಬಗಳವರಿಗೆ ದೀಕ್ಷಾಸ್ನಾನ, ಮದುವೆ, ಮರಣಗಳ ಸಭಾ ಪುಸ್ತಕಗಳಿವೆ; ಅವುಗಳಲ್ಲಿ ಹೆಣ್ಣುಮಗು ತಾನೇ ಒಂದು ನಮೂದು.

1994ರ ಕರ್ನಾಟಕದ ತಿದ್ದುಪಡಿ, 2005ರ ಕೇಂದ್ರ ಕಾಯ್ದೆ ಮಗಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಮೇಲೆ ನಾಡಕಚೇರಿಯ ವಂಶವೃಕ್ಷಕ್ಕೆ ಹೆಣ್ಣುಮಕ್ಕಳು ಸೇರತೊಡಗಿದ್ದಾರೆ. ಇದು ಸ್ವಾಗತಾರ್ಹ. ಆದರೂ ಆ ಪ್ರಮಾಣಪತ್ರ ಈಗಿನ ವಾರಸುದಾರರಿಗಾಗಿ. ಹಿಂದಿನ ಅಜ್ಜಿಯರನ್ನು ಅದು ಮರಳಿ ತಾರದು. ಅವರಿರುವ ಮರಾಠಿ ಕಾಗದಗಳು ಮೋಡಿ ಲಿಪಿಯಲ್ಲಿವೆ, ಕನ್ನಡ ಕಡತಗಳು ಕೂಡಕ್ಷರದ ಮೋಡಿಯಲ್ಲಿವೆ. ಅವನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ಮನೆಯ ಪೆಟ್ಟಿಗೆಯಲ್ಲಿರುವ ದತ್ತಕ ಪತ್ರ, ಪೋಟಗಿಯ ತೀರ್ಪುಗಳನ್ನು ಮೊದಲು ಓದಿಸಿ, ಆಮೇಲೆ ವಂಶವೃಕ್ಷ ಬರೆಯುವುದೇ ಸರಿಯಾದ ಕ್ರಮ.